ಬಡಾವಣೆಯ ಬಿನ್ನಪ
ಬೆಂಗಳೂರಿನ ಹೊರಬಡಾವಣೆಗಳೂ ನಿವಾಸಿಗಳ ಸುಧಾರಣೆಯ ಆಲೋಚನೆಗಳೂ

೧

ಊರನ್ನು ಕಟ್ಟಿದವರು ಯಾರು ಎಂಬ ಪ್ರಶ್ನೆಗೆ ಚರಿತ್ರೆಯು ಸಾಮಾನ್ಯವಾಗಿ ಒಬ್ಬ ಅರಸನ ಹೆಸರನ್ನೋ ಒಬ್ಬ ಮಂತ್ರಿಯ ಹೆಸರನ್ನೋ ಹೇಳಿ ಸುಮ್ಮನಾಗುತ್ತದೆ. ಬೆಂಗಳೂರಿಗೆ ಕೆಂಪೇಗೌಡನು, ಹೊಸಪೇಟೆಯ ಬಳಿಯ ನಾಗಲಾಪುರಕ್ಕೆ ಕೃಷ್ಣದೇವರಾಯನು, ಚಾಮರಾಜಪೇಟೆಗೆ ಚಾಮರಾಜೇಂದ್ರ ಒಡೆಯರು ಎಂದು ಉತ್ತರ ಸಿದ್ಧವಾಗಿರುತ್ತದೆ. ಈ ಉತ್ತರ ಸುಳ್ಳಲ್ಲ. ಆದರೆ ಅದು ಅರ್ಧ ಮಾತ್ರ. ಕಟ್ಟಿದ ಊರಿನಲ್ಲಿ ಬಾಳಿದವರು ಆ ಊರು ಹೇಗಿರಬೇಕೆಂದು ಬಯಸಿದರು, ಬಯಸಿದುದನ್ನು ಯಾರ ಮುಂದೆ ಇಟ್ಟರು, ಅದರಲ್ಲಿ ಎಷ್ಟು ಕೈಗೂಡಿತು ಎಂಬುದು ಉಳಿದ ಅರ್ಧ. ಅರಸನ ಅಪ್ಪಣೆಗೆ ಕಲ್ಲು ದೊರೆಯಿತು. ನಿವಾಸಿಯ ಬಿನ್ನಪಕ್ಕೆ ಬಹುಮಟ್ಟಿಗೆ ಕಾಗದ ಮಾತ್ರ ದೊರೆಯಿತು. ಕಲ್ಲು ಉಳಿಯುತ್ತದೆ, ಕಾಗದ ಸವೆಯುತ್ತದೆ. ಹೀಗಾಗಿ ಊರಿನ ಚರಿತ್ರೆ ಅಪ್ಪಣೆಗಳ ಚರಿತ್ರೆಯಾಗಿ ಪರಿಣಮಿಸಿದೆ.

ಆದರೂ ಬಿನ್ನಪದ ನೆನಪು ನಮ್ಮ ಭಾಷೆಯಲ್ಲಿ ಅಳಿದಿಲ್ಲ. ಸಂಸ್ಕೃತದ ವಿಜ್ಞಾಪನವು ಕನ್ನಡದಲ್ಲಿ ಬಿನ್ನಪವಾಯಿತು, ಬಿನ್ನಹವಾಯಿತು. ಬರೆದುಕೊಟ್ಟ ಬಿನ್ನಪಕ್ಕೆ ಬಿನ್ನವತ್ತಳೆ ಎಂಬ ಹೆಸರು ನಿಂತಿತು. ದಾನಶಾಸನಗಳಲ್ಲಿ ದೊರೆಯು ತಾನಾಗಿ ದಾನಮಾಡಿದನೆಂದು ಹೇಳುವ ಶಾಸನಗಳಿರುವಂತೆಯೇ, ಇಂಥವರು ಬಿನ್ನವಿಸಿಕೊಳ್ಳಲಾಗಿ ದಾನಮಾಡಿದನೆಂದು ಹೇಳುವ ಶಾಸನಗಳೂ ಉಂಟು. ಮುಂದೆ ಪಾರಸಿ ಅರಬ್ಬಿ ನುಡಿಗಳ ಸಂಪರ್ಕದಿಂದ ಅರ್ಜಿ, ಮಹಜರು ಎಂಬ ಶಬ್ದಗಳು ಬಂದವು. ಆಳುವವರು ಬದಲಾದಂತೆ ಶಬ್ದ ಬದಲಾಯಿತು. ಕೇಳಿಕೊಳ್ಳುವ ಕ್ರಿಯೆ ಮಾತ್ರ ಬದಲಾಗಲಿಲ್ಲ.

ಜನರು ಒಟ್ಟಾಗಿ ವಾಸಿಸುವ ಸ್ಥಳಗಳ ಹೆಸರುಗಳಲ್ಲಿಯೂ ಇದೇ ಬಗೆಯ ಪದರಗಳು ಕಂಡುಬರುತ್ತವೆ. ಕೇರಿ ಎಂಬುದು ಅಚ್ಚಗನ್ನಡದ ಮಾತು. ಒಂದೇ ಕಸುಬಿನ ಅಥವಾ ಒಂದೇ ಕುಲದ ಜನ ಸಾಲಾಗಿ ಮನೆ ಮಾಡಿಕೊಂಡ ಬೀದಿ. ಪೇಟೆ ವ್ಯಾಪಾರದ ಸ್ಥಳ; ಪಾಳ್ಯ ದಂಡು ಇಳಿದ ಸ್ಥಳ; ಪುರವು ಅರಸನೋ ಸಾಮಂತನೋ ಹೆಸರಿಟ್ಟು ನೆಲೆಗೊಳಿಸಿದ ಸ್ಥಳ. ಬಡಾವಣೆ ಎಂಬುದು ಇವೆಲ್ಲಕ್ಕಿಂತ ಈಚಿನದು. ಹೆಚ್ಚಿಸು, ಬೆಳೆಸು ಎಂಬರ್ಥದ ಉತ್ತರದೇಶದ ಧಾತುವಿನಿಂದ ಬಂದ ಈ ಶಬ್ದಕ್ಕೆ ತನ್ನದೇ ಆದ ಕಸುಬಾಗಲಿ ಕುಲವಾಗಲಿ ಇಲ್ಲ. ಅದು ಹಳೆಯ ಊರಿಗೆ ಹೊರಗಿನಿಂದ ಸೇರಿಸಿದ ಭಾಗ ಎಂದಷ್ಟನ್ನೇ ಹೇಳುತ್ತದೆ. ಕೇರಿಯಲ್ಲಿ ಜನ ಮೊದಲು, ಬೀದಿ ಆಮೇಲೆ. ಬಡಾವಣೆಯಲ್ಲಿ ಬೀದಿ ಮೊದಲು, ಜನ ಆಮೇಲೆ. ಈ ಒಂದು ವ್ಯತ್ಯಾಸದಿಂದಲೇ ಬಡಾವಣೆಯ ನಿವಾಸಿಗಳ ಆಲೋಚನೆಗಳಿಗೆ ಒಂದು ವಿಶೇಷವಾದ ಚರಿತ್ರೆಯುಂಟಾಗಿದೆ.

೨

ನಿವಾಸಿಗಳು ತಮ್ಮ ನೆಲೆಯ ಸುಧಾರಣೆಯನ್ನು ತಾವೇ ಆಲೋಚಿಸಿ ನಡೆಸಿದುದಕ್ಕೆ ಕನ್ನಡನಾಡಿನಲ್ಲಿ ಪ್ರಾಚೀನ ನಿದರ್ಶನಗಳಿಗೆ ಕೊರತೆಯಿಲ್ಲ. ಅವುಗಳಲ್ಲಿ ಹರಿಹರದ ಕಾಲುವೆಯ ಸಂಗತಿ ಬಹು ಬೋಧಪ್ರದವಾದುದು. ಕ್ರಿ. ಶ. ೧೪೧೦ರಲ್ಲಿ, ಒಂದನೆಯ ದೇವರಾಯನ ಆಳ್ವಿಕೆಯಲ್ಲಿ, ಹರಿದ್ರಾ ನದಿಗೆ ಅಣೆಯನ್ನು ಕಟ್ಟಿ ಕಾಲುವೆಯನ್ನು ಹರಿಹರದ ಕಡೆಗೆ ತಂದರು. ಇದಕ್ಕೆ ಹಣವನ್ನು ವೆಚ್ಚಮಾಡಿದವರು ಅಲ್ಲಿಯ ಬ್ರಾಹ್ಮಣರು. ಕಾಲುವೆ ಹರಿಯುವ ಭೂಮಿಯಲ್ಲಿ ಬಹುಭಾಗ ಹರಿಹರ ದೇವರಿಗೆ ಸೇರಿದುದು. ಆದಕಾರಣ ಶಾಸನದಲ್ಲಿ ಸ್ಪಷ್ಟವಾದ ಒಂದು ಕಟ್ಟಳೆಯನ್ನು ಬರೆಯಿಸಿದರು: ಮೂರು ಪಾಲುಗಳಲ್ಲಿ ಎರಡು ದೇವರ ಭಂಡಾರಕ್ಕೆ, ಒಂದು ಬ್ರಾಹ್ಮಣರಿಗೆ. ಮುಂದೆ ಆ ಅಣೆ ಒಡೆಯಿತು. ೧೪೨೪ರ ಶಾಸನವು ಅದನ್ನು ಮತ್ತೆ ಕಟ್ಟಿಸಿದ ಸಂಗತಿಯನ್ನೂ ಅದಕ್ಕೆ ದೊರೆತ ಧನಸಹಾಯವನ್ನೂ ತಿಳಿಸುತ್ತದೆ.

ಈ ಶಾಸನಗಳನ್ನು ನೀರಾವರಿಯ ಇತಿಹಾಸಕ್ಕೆ ಆಧಾರವಾಗಿ ವಿದ್ವಾಂಸರು ಬಳಸಿಕೊಂಡಿರುವುದುಂಟು. ನಾಗರಿಕ ಜೀವನದ ಇತಿಹಾಸಕ್ಕೂ ಇವು ಅಷ್ಟೇ ಮುಖ್ಯವಾದವು. ಇಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರವಿದೆ. ಕೆಲಸವನ್ನು ಆಲೋಚಿಸಿದವರು ಯಾರು? ಅದರ ಭಾರವನ್ನು ಹೊತ್ತವರು ಯಾರು? ಫಲವು ಯಾರಿಗೆ, ಯಾವ ಪ್ರಮಾಣದಲ್ಲಿ ಸಲ್ಲುವುದು? ಈ ಮೂರನ್ನೂ ಕಲ್ಲಿನ ಮೇಲೆ ಬರೆದಿಟ್ಟದ್ದು ಸಣ್ಣ ಸಾಧನೆಯಲ್ಲ. ಬರಿಯ ಬಿನ್ನಪವು ಹೊರೆಯನ್ನು ಬೇರೊಬ್ಬರ ತಲೆಯ ಮೇಲಿಡುತ್ತದೆ. ಹರಿಹರದವರ ಕಟ್ಟಳೆ ಹೊರೆಯನ್ನೂ ಫಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಿತು. ಆದರೆ ನಾಲ್ಕನೆಯ ಪ್ರಶ್ನೆಯೊಂದುಂಟು. ಅಣೆಗೆ ಕಲ್ಲು ಹೊತ್ತವರು, ಕಾಲುವೆಯ ಮಣ್ಣು ಅಗೆದವರು ಯಾರು, ಮೂರು ಪಾಲುಗಳಲ್ಲಿ ಅವರ ಪಾಲು ಯಾವುದು? ಪಾಲಿನ ಕಟ್ಟಳೆಯಲ್ಲಿ ಅವರಿಗೆ ಸ್ಥಾನವಿಲ್ಲ. ಈ ನಾಲ್ಕು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದು ನಾಲ್ಕೈದು ಶತಮಾನಗಳನ್ನು ದಾಟಿ ಬೆಂಗಳೂರಿನ ಬಡಾವಣೆಗಳಿಗೆ ಬಂದರೆ ಅಲ್ಲಿಯೂ ಇವೇ ಎದುರಾಗುತ್ತವೆ.

೩

೧೫೩೭ರಲ್ಲಿ ಕೆಂಪೇಗೌಡನು ಮಣ್ಣಿನ ಕೋಟೆಯೊಳಗೆ ನೆಲೆಗೊಳಿಸಿದ ಪೇಟೆ ಕಸುಬಿಗೊಂದು ಬೀದಿಯೆಂಬ ಕ್ರಮದಲ್ಲಿ ಬೆಳೆಯಿತು. ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆ, ಕುಂಬಾರಪೇಟೆ ಎಂಬ ಹೆಸರುಗಳೇ ಇದಕ್ಕೆ ಸಾಕ್ಷಿ. ಇಂಥ ಬೀದಿಯಲ್ಲಿ ಒಂದು ಬಾವಿಯನ್ನು ತೋಡಬೇಕಾದರೆ, ಒಂದು ಗುಡಿಯನ್ನು ಕಟ್ಟಬೇಕಾದರೆ, ಕಸುಬಿನ ಹಿರಿಯರ ಕಟ್ಟೆಯಲ್ಲಿ ಮಾತು ಮುಗಿಯುತ್ತಿತ್ತು. ಬೀದಿಯೂ ಬಳಗವೂ ಒಂದೇ ಆಗಿದ್ದುದರಿಂದ ನಿವಾಸಿಗಳ ಸಂಘವೆಂದು ಬೇರೊಂದು ಬೇಕಾಗಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಏರ್ಪಾಡಿನ ಪಕ್ಕದಲ್ಲಿ ಹೊಸದೊಂದು ತಲೆಯೆತ್ತಿತು. ಪಟ್ಟಣಗಳ ಸುಧಾರಣೆಗಾಗಿ ಇಂಗ್ಲಿಷ್ ಸರಕಾರವು ೧೮೫೦ರಲ್ಲಿ ಮಾಡಿದ ೨೬ನೆಯ ಕಾಯಿದೆ ಒಂದು ವಿಚಿತ್ರವಾದ ಕಾಯಿದೆ. ಅದು ಯಾವ ಊರಿನ ಮೇಲೂ ತಾನಾಗಿ ಬೀಳುವಂಥದಲ್ಲ. ಊರಿನ ನಿವಾಸಿಗಳು ತಮಗೆ ಅದು ಬೇಕೆಂದು ಕೇಳಿಕೊಂಡರೆ, ಅವರ ಇಚ್ಛೆ ನಿಜವೆಂದು ಸರಕಾರಕ್ಕೆ ಮನದಟ್ಟಾದರೆ, ಆಗ ಮಾತ್ರ ಅದು ಆ ಊರಿನಲ್ಲಿ ಜಾರಿಗೆ ಬರತಕ್ಕದ್ದು. ಬೀದಿಗಳನ್ನು ಗುಡಿಸುವುದು, ದೀಪ ಹಚ್ಚುವುದು, ಚರಂಡಿ ಕಡಿಯುವುದು, ಅದಕ್ಕಾಗಿ ತೆರಿಗೆ ಎತ್ತುವುದು ಇವು ಅದರ ಕೆಲಸಗಳು. ಕಾಗದದ ಮೇಲೆ ಇದಕ್ಕಿಂತ ಉದಾರವಾದ ತತ್ತ್ವ ಮತ್ತೊಂದಿಲ್ಲ. ಆದರೆ ತಮ್ಮ ಮೇಲೆ ತಾವೇ ತೆರಿಗೆಯನ್ನು ಹಾಕಿಕೊಳ್ಳಿರೆಂದರೆ ಮುಂದೆ ಬರುವವರು ಎಲ್ಲ ಕಾಲದಲ್ಲಿಯೂ ವಿರಳ. ಮುಂಬಯಿ ಪ್ರಾಂತ್ಯದಲ್ಲಿ ಕಾಯಿದೆ ಸಾಕಷ್ಟು ಹರಡಿತು. ಉಳಿದ ಕಡೆ ಹೆಚ್ಚಾಗಿ ಹಾಗೆಯೇ ಉಳಿಯಿತು.

ಬೆಂಗಳೂರಿನಲ್ಲಿ ೧೮೬೨ರ ಮಾರ್ಚಿ ೨೭ರಂದು ಈ ಕಾಯಿದೆಯ ಮೇರೆಗೆ ಪುರಸಭೆಯ ಮಂಡಲಿ ಏರ್ಪಟ್ಟಿತು. ಹಳೆಯ ಪೇಟೆಯ ಒಂಬತ್ತು ಮಂದಿ ಪ್ರಮುಖರು ಅದಕ್ಕೆ ಸೇರಿದರು. ದಂಡಿನ ಪ್ರದೇಶಕ್ಕೂ ಅಂಥದೇ ಬೇರೊಂದು ಮಂಡಲಿ ಉಂಟಾಯಿತು. ೧೮೮೧ರಲ್ಲಿ ಮೈಸೂರು ಸಂಸ್ಥಾನ ಮಹಾರಾಜರ ಕೈಗೆ ಹಿಂತಿರುಗಿದಾಗ ಈ ಎರಡು ಪುರಸಭೆಗಳು ಪ್ರತ್ಯೇಕವಾಗಿಯೇ ಉಳಿದು, ಒಂದು ಸಂಸ್ಥಾನಕ್ಕೂ ಇನ್ನೊಂದು ರೆಸಿಡೆಂಟರ ಆಡಳಿತಕ್ಕೂ ಸೇರಿದವು. ಒಂದೇ ಊರಿನ ಎರಡು ಮಗ್ಗುಲುಗಳು ೧೯೪೯ರವರೆಗೂ ಎರಡು ಊರುಗಳಾಗಿಯೇ ಬಾಳಿದವು.

ಅದೇ ೧೮೮೧ರ ಅಕ್ಟೋಬರ್ ೭ರಂದು ದಿವಾನ್ ಸಿ. ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ನೆರೆಯಿಸಿದರು. ಮೊದಲನೆಯ ಸಭೆಗೆ ೧೪೪ ಮಂದಿ ಪ್ರತಿನಿಧಿಗಳು ಬಂದರು. ಅವರು ರೈತರಲ್ಲಿಯೂ ವರ್ತಕರಲ್ಲಿಯೂ ಮುಖಂಡರು. ಈ ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಸರಕಾರದ ವರದಿಯನ್ನು ಕೇಳುವುದು, ತಮ್ಮ ಊರಿನ ಕಷ್ಟಗಳನ್ನು ಅರಿಕೆ ಮಾಡಿಕೊಳ್ಳುವುದು, ಉತ್ತರವನ್ನು ಪಡೆಯುವುದು ಇಷ್ಟೇ ಅದರ ವ್ಯಾಪಾರ. ಹೀಗಿದ್ದರೂ ಅದರಿಂದ ಒಂದು ದೊಡ್ಡ ಪ್ರಯೋಜನವಾಯಿತು. ಅದುವರೆಗೆ ಅರಮನೆಯ ಬಾಗಿಲಲ್ಲಿಯೋ ಕಚೇರಿಯ ಜಗುಲಿಯಲ್ಲಿಯೋ ಒಬ್ಬೊಬ್ಬರಾಗಿ ನಿಂತು ಮಾಡುತ್ತಿದ್ದ ಬಿನ್ನಪ ಈಗ ಬಹಿರಂಗವಾದ ಮಾತಾಯಿತು. ಒಂದು ಊರಿನವರ ಕೊರತೆಯನ್ನು ಇನ್ನೊಂದು ಊರಿನವರು ಕೇಳಿದರು. ಕೊರತೆ ಎಲ್ಲೆಲ್ಲಿಯೂ ಒಂದೇ ಎಂಬುದು ಗೊತ್ತಾಯಿತು.

೪

ಬೆಂಗಳೂರಿನಲ್ಲಿ ಯೋಜನೆಯ ಮೇರೆಗೆ ಎದ್ದ ಮೊದಲನೆಯ ಬಡಾವಣೆ ೧೮೯೨ರ ಚಾಮರಾಜಪೇಟೆ. ಆಗ ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರವರು. ಪೇಟೆಯ ಇಕ್ಕಟ್ಟನ್ನು ಬಿಟ್ಟು ಹೊರಗೆ ನೆಲೆಸಲು ಅನುಕೂಲವಂತರಾದ ಕೆಲವರು ಸಿದ್ಧರಾಗಿದ್ದರು. ಮುಂದೆ, ೧೯೧೫ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ತನ್ನ ಮಂದಿರವನ್ನು ಕಟ್ಟಿಕೊಂಡದ್ದು ಈ ಬಡಾವಣೆಯಲ್ಲಿಯೇ ಎಂಬುದನ್ನು ನೆನೆಯಬಹುದು. ಹೊಸಗನ್ನಡದ ವಿದ್ವತ್ತು ಕೋಟೆಯ ಒಳಗಲ್ಲ, ಬಡಾವಣೆಯಲ್ಲಿ ಮನೆಮಾಡಿತು.

ಬಡಾವಣೆಗೆ ಮೊದಲು ಬೇಕಾದದ್ದು ನೀರು. ಪೇಟೆಗೆ ನೀರನ್ನೊದಗಿಸುತ್ತಿದ್ದ ಧರ್ಮಾಂಬುಧಿ ಮೊದಲಾದ ಕೆರೆಗಳು ಸಾಲದೆ ಹೋದುವು. ಆದಕಾರಣ ಅರ್ಕಾವತಿಗೆ ಅಡ್ಡಲಾಗಿ ಹೆಸರಘಟ್ಟದಲ್ಲಿದ್ದ ಕೆರೆಯನ್ನು ದೊಡ್ಡದು ಮಾಡಿ ಅಲ್ಲಿಂದ ನೀರನ್ನು ತರುವ ಕೆಲಸ ೧೮೯೪ರಲ್ಲಿ ಆರಂಭವಾಗಿ ೧೮೯೬ರಲ್ಲಿ ನಗರಕ್ಕೆ ನೀರು ಬಂದಿತು. ಬಾವಿಯ ಕಟ್ಟೆಯಿಂದ ನಲ್ಲಿಗೆ ಬಂದ ಈ ಬದಲಾವಣೆಯಿಂದ ನಿವಾಸಿಗಳ ಆಲೋಚನೆಯ ರೀತಿಯೂ ಬದಲಾಯಿತು. ಬಾವಿ ಬತ್ತಿದರೆ ಕೇರಿಯವರು ಇನ್ನಷ್ಟು ಆಳಕ್ಕೆ ತೋಡುತ್ತಿದ್ದರು. ನಲ್ಲಿ ಬತ್ತಿದರೆ ಅರ್ಜಿ ಬರೆಯಬೇಕಾಯಿತು. ಸೌಕರ್ಯ ಹೆಚ್ಚಿತು, ಸ್ವಾಧೀನ ಕಡಿಮೆಯಾಯಿತು. ಮುಂದೆ ೧೯೨೦ರ ದಶಕದಲ್ಲಿ ಹೆಸರಘಟ್ಟವೂ ಬತ್ತಲು, ತಿಪ್ಪಗೊಂಡನಹಳ್ಳಿಯ ಜಲಾಶಯವನ್ನು ೧೯೩೩ರಲ್ಲಿ ಮುಗಿಸಬೇಕಾಯಿತು.

ಬಡಾವಣೆಗಳ ಚರಿತ್ರೆಯ ದಿಕ್ಕನ್ನು ತಿರುಗಿಸಿದ್ದು ಪ್ಲೇಗು. ೧೮೯೮ರ ಆಗಸ್ಟ್ ತಿಂಗಳಲ್ಲಿ, ಧಾರವಾಡದ ಕಡೆಯಿಂದ ರೈಲಿನಲ್ಲಿ ಬಂದ ಒಬ್ಬ ರೈಲ್ವೆ ಅಧಿಕಾರಿಯ ಸೇವಕನಲ್ಲಿ ರೋಗ ಮೊದಲು ಕಂಡುಬಂದಿತು. ಕೆಲವು ವಾರಗಳಲ್ಲಿ ಪೇಟೆಯ ಬೀದಿಗಳು ಬರಿದಾದುವು. ಸರಕಾರದವರು ಮನೆಗಳ ಹೆಂಚು ತೆಗೆಯಿಸಿ ಬಿಸಿಲು ಬೀಳಿಸಿದರು, ಔಷಧಿಯ ನೀರನ್ನು ಹೊಯ್ಯಿಸಿದರು, ರೋಗಿಗಳನ್ನು ಬೇರೆ ಕಡೆಗೆ ಒಯ್ದರು, ಉಳಿದವರಿಗೆ ಹೊರಗೆ ಗುಡಿಸಲುಗಳನ್ನು ಹಾಕಿಸಿದರು. ಜನರಿಗೆ ರೋಗದಷ್ಟೇ ಭಯ ಈ ಉಪಾಯಗಳಲ್ಲಿಯೂ ಉಂಟಾಯಿತು. ಪ್ಲೇಗಮ್ಮನಿಗೆ ಗುಡಿಗಳು ಎದ್ದುವು. ಬೆಂಗಳೂರು ನಗರದ ಜನಸಂಖ್ಯೆ ೧೮೯೧ರಲ್ಲಿ ೮೦,೨೮೫ ಇದ್ದದ್ದು ೧೯೦೧ರಲ್ಲಿ ೬೯,೪೪೭ಕ್ಕೆ ಇಳಿಯಿತು. ಸತ್ತವರೆಷ್ಟೋ ಓಡಿಹೋದವರೆಷ್ಟೋ, ಅಂತು ಊರು ಕುಗ್ಗಿತು.

ಈ ಭಯದ ಬೆನ್ನಲ್ಲಿಯೇ ಬಸವನಗುಡಿಯೂ ಮಲ್ಲೇಶ್ವರವೂ ವಿಸ್ತಾರವಾಗಿ ಬೆಳೆದುವು. ಮೊದಲನೆಯದಕ್ಕೆ ೪೪೦ ಎಕರೆ, ಎರಡನೆಯದಕ್ಕೆ ೨೯೧ ಎಕರೆ ನೆಲ. ನೆಟ್ಟಗೆ ಒಂದನ್ನೊಂದು ಕತ್ತರಿಸುವ ಅಗಲವಾದ ಬೀದಿಗಳು, ಮನೆಯ ಸುತ್ತಲೂ ಬಯಲು, ಗಾಳಿ ಬೆಳಕಿಗೆ ಎಡೆ, ಸಾಲಾಗಿ ಮರಗಳು ಇವು ಎರಡಕ್ಕೂ ಸಮಾನವಾದ ಲಕ್ಷಣಗಳು. ನಿವೇಶನಗಳನ್ನು ಹಂಚುವಾಗ ಬೇರೆ ಬೇರೆ ಜಾತಿ ಮತಗಳವರಿಗೆ ಬೇರೆ ಬೇರೆ ಭಾಗಗಳನ್ನು ಗೊತ್ತುಮಾಡಿದರು. ಕೇರಿಯ ನೆರಳು ಹೀಗೆ ಬಡಾವಣೆಯ ನಕ್ಷೆಯ ಮೇಲೆಯೂ ಬಿದ್ದಿತು.

ಈ ನಕ್ಷೆಯ ಹಿಂದೆ ಆ ಕಾಲದ ಒಂದು ವೈದ್ಯಸಿದ್ಧಾಂತವಿದ್ದಿತು: ಕೆಟ್ಟ ಗಾಳಿಯಿಂದಲೂ ಇಕ್ಕಟ್ಟಿನಿಂದಲೂ ರೋಗ ಹುಟ್ಟುತ್ತದೆ. ಪ್ಲೇಗಿನ ಕ್ರಿಮಿಯನ್ನು ಯೆರ್ಸಿನನು ೧೮೯೪ರಲ್ಲಿ ಕಂಡುಹಿಡಿದಿದ್ದನು. ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಹರಡುತ್ತದೆಂದು ಸಿಮೊನನು ಬೆಂಗಳೂರಿಗೆ ರೋಗ ಬಂದ ೧೮೯೮ರಲ್ಲಿಯೇ ತಿಳಿಸಿದನು. ಆದರೆ ಅದನ್ನು ಎಲ್ಲರೂ ಒಪ್ಪಲು ಇನ್ನೂ ಹಲವು ವರ್ಷಗಳು ಬೇಕಾದುವು. ದಂಡಿನ ಪ್ರದೇಶದಲ್ಲಿ ೧೯೦೬ರಿಂದ ಮುಂದೆ ಎದ್ದ ಫ್ರೇಜರ್ ಟೌನ್ ಈ ಎರಡನೆಯ ಸಿದ್ಧಾಂತದ ಕೂಸು. ಅಲ್ಲಿಯ ಇಂಜಿನಿಯರ್ ಜೆ. ಎಚ್. ಸ್ಟೀಫನ್ಸನು ಇಲಿಗೆ ಎಡೆಗೊಡದ ಮನೆಗಳನ್ನು ಯೋಚಿಸಿ, ಬೆಂಗಳೂರಿನ ಪ್ಲೇಗುನಿವಾರಕ ನಗರರಚನೆಯನ್ನು ಕುರಿತು ೧೯೧೪ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದನು. ಗಾಳಿಯೇ ಕಾರಣವೆಂದವರು ಬೀದಿಯನ್ನು ಅಗಲ ಮಾಡಿದರು. ಇಲಿಯೇ ಕಾರಣವೆಂದವರು ಗೋಡೆಯ ಸಂದುಗಳನ್ನು ಮುಚ್ಚಿದರು. ಎರಡು ಪಕ್ಷಗಳಲ್ಲಿಯೂ ಆಲೋಚಿಸಿದವನು ತಜ್ಞ, ಬಾಳಬೇಕಾದವನು ನಿವಾಸಿ.

೫

ಸರಕಾರವು ಕೊಟ್ಟದ್ದು ನಿವೇಶನ ಮತ್ತು ಬೀದಿ. ಅವು ಊರಾಗಲು ಮಿಕ್ಕುದೆಲ್ಲವನ್ನೂ ನಿವಾಸಿಗಳೇ ಸೇರಿಸಬೇಕಾಯಿತು. ಪೇಟೆಯಿಂದ ಬಂದವರಿಗೆ ಈ ನೇರವಾದ ಬೀದಿಗಳಲ್ಲಿ ಕಸುಬಿನ ಹಿರಿಯರಿರಲಿಲ್ಲ, ಕಟ್ಟೆಯಿರಲಿಲ್ಲ. ಪಕ್ಕದ ಮನೆಯವನು ಗುಮಾಸ್ತನೋ ಉಪಾಧ್ಯಾಯನೋ ವಕೀಲನೋ ಆಗಿದ್ದನು. ಅವರನ್ನು ಒಂದುಗೂಡಿಸಿದ್ದು ಕುಲದ ಕಟ್ಟಳೆಯಲ್ಲ, ಸಂಘದ ನಿಯಮಾವಳಿ. ೧೯೦೫ರಲ್ಲಿ ಮೈಸೂರು ಸಂಸ್ಥಾನದಲ್ಲಿ ಸಹಕಾರ ಸಂಘಗಳ ಕಾನೂನು ಜಾರಿಗೆ ಬಂದುದು ಈ ದೃಷ್ಟಿಯಿಂದ ದೊಡ್ಡ ಘಟನೆ. ೧೯೦೯ರಲ್ಲಿ ಬೆಂಗಳೂರಿನಲ್ಲಿ ಏರ್ಪಟ್ಟ ಗೃಹನಿರ್ಮಾಣ ಸಹಕಾರ ಸಂಘವನ್ನು ಭಾರತದಲ್ಲಿಯೇ ಅಂಥವುಗಳಲ್ಲಿ ಮೊದಲನೆಯದೆಂದು ಎಣಿಸುತ್ತಾರೆ. ಒಬ್ಬನಿಂದಾಗದ ಮನೆಯನ್ನು ಹತ್ತು ಮಂದಿಯ ಹೊಣೆಯಿಂದ ಕಟ್ಟಬಹುದೆಂಬ ಈ ಆಲೋಚನೆಯಲ್ಲಿ ಹರಿಹರದ ಕಾಲುವೆಯ ತತ್ತ್ವವೇ ಮತ್ತೆ ಕಾಣುತ್ತದೆ: ಭಾರವೂ ಪಾಲು, ಫಲವೂ ಪಾಲು.

ಶಿವನಸಮುದ್ರದಿಂದ ಬಂದ ವಿದ್ಯುತ್ತಿನಿಂದ ೧೯೦೫ರ ಆಗಸ್ಟ್ ೫ರಂದು ಬೆಂಗಳೂರಿನ ಬೀದಿಯಲ್ಲಿ ದೀಪ ಹೊತ್ತಿತು. ೧೯೧೭ರಲ್ಲಿ ಬಸವನಗುಡಿಯ ಕಡೆಯಲ್ಲಿ ನ್ಯಾಷನಲ್ ಹೈಸ್ಕೂಲು ಆರಂಭವಾಯಿತು. ವಾಚನಾಲಯ, ಭಜನಮಂದಿರ, ಆಟದ ಬಯಲು ಇವು ಬಡಾವಣೆಯ ಬಾಳಿನ ಅಂಗಗಳಾದುವು. ೧೯೪೫ರಲ್ಲಿ ಡಿ. ವಿ. ಗುಂಡಪ್ಪನವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿ ಅದನ್ನು ಬಸವನಗುಡಿಯ ಭಾಗದಲ್ಲಿ ಬೆಳೆಸಿದುದು ಆಕಸ್ಮಿಕವಲ್ಲ. ಪ್ರಜೆಯು ರಾಜ್ಯದ ವಿಷಯದಲ್ಲಿ ತಿಳಿವಳಿಕೆಯುಳ್ಳವನಾಗಿ ಮಾತನಾಡಬೇಕೆಂಬುದು ಅದರ ಉದ್ದೇಶ. ಬೀದಿಯ ಚರಂಡಿಯನ್ನು ಕುರಿತು ಸರಿಯಾಗಿ ಅರ್ಜಿ ಬರೆಯಲು ಕಲಿತವನೇ ರಾಜ್ಯಾಂಗವನ್ನು ಕುರಿತು ಸರಿಯಾಗಿ ಆಲೋಚಿಸಬಲ್ಲನು.

ಪುರಸಭೆಯ ಅಧಿಕಾರವೂ ಮೆಲ್ಲಮೆಲ್ಲನೆ ನಿವಾಸಿಗಳ ಕಡೆಗೆ ಸರಿಯಿತು. ೧೮೮೨ರಲ್ಲಿ ಸದಸ್ಯರಲ್ಲಿ ಅರ್ಧದಷ್ಟು ಮಂದಿಯನ್ನು ಚುನಾಯಿಸಲು ಅವಕಾಶ ದೊರೆಯಿತು. ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ೧೯೧೩ರಲ್ಲಿ ಗೌರವಾಧ್ಯಕ್ಷರ ಪದವಿ ಬಂದಿತು. ಏಳು ವರ್ಷಗಳ ಮೇಲೆ ಅಧ್ಯಕ್ಷರನ್ನೂ ಚುನಾಯಿಸುವಂತಾಯಿತು. ೧೯೨೩ರ ಶಾಸನದಿಂದ ಪ್ರಜಾಪ್ರತಿನಿಧಿ ಸಭೆಯ ವಿಷಯದಲ್ಲಿ ಸ್ತ್ರೀಯರಿಗಿದ್ದ ಅಡ್ಡಿ ತೊಲಗಿತು. ಆದರೂ ಮತವು ಆಸ್ತಿ, ತೆರಿಗೆ, ವಿದ್ಯೆ ಇವುಗಳಿಗೆ ಕಟ್ಟುಬಿದ್ದಿತ್ತು. ಮನೆಯುಳ್ಳವನು ನಿವಾಸಿ, ಮನೆಯಿಲ್ಲದವನು ಅದೇ ಬೀದಿಯಲ್ಲಿ ದಿನವೂ ಬೆವರು ಸುರಿಸಿದರೂ ನಿವಾಸಿಯಲ್ಲ.

೬

ಇಲ್ಲಿ ಆ ನಾಲ್ಕನೆಯ ಪ್ರಶ್ನೆ ಮತ್ತೆ ತಲೆಯೆತ್ತುತ್ತದೆ. ಬಸವನಗುಡಿ ಮಲ್ಲೇಶ್ವರಗಳಲ್ಲಿ ಎರಡು ಸಾಲು ಮನೆಗಳ ಬೆನ್ನುಗಳ ನಡುವೆ ಕಿರಿದಾದ ಓಣಿಗಳು ಇಂದಿಗೂ ಕಾಣುತ್ತವೆ. ಇವುಗಳಿಗೆ ಕನ್ಸರ್ವೆನ್ಸಿ ಎಂದು ಹೆಸರು. ಒಳಚರಂಡಿ ಇಲ್ಲದ ಆ ಕಾಲದಲ್ಲಿ ಮನೆಗಳ ಹಿಂದಿನ ಕಕ್ಕಸುಗಳಿಂದ ಮಲವನ್ನು ತೆಗೆದೊಯ್ಯಲು ಜಲಗಾರರು ಬರುತ್ತಿದ್ದ ದಾರಿ ಇದು. ಆರೋಗ್ಯಶಾಸ್ತ್ರದ ದೃಷ್ಟಿಯಿಂದ ಇದು ಜಾಣತನದ ಏರ್ಪಾಡು. ಹಳೆಯ ಪೇಟೆಯಲ್ಲಿ ಇಲ್ಲದಿದ್ದ ಶುಚಿ ಇದರಿಂದ ಬಂದಿತು. ಆದರೆ ಇದೇ ಓಣಿ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ಬಡಾವಣೆಯ ಶುಚಿಯನ್ನು ಕಾಯುವವನು ಬಡಾವಣೆಯ ಮುಂಬಾಗಿಲಿಗೆ ಬಾರದಂತೆ, ಬೀದಿಯಲ್ಲಿ ಕಣ್ಣಿಗೆ ಬೀಳದಂತೆ, ನಕ್ಷೆಯಲ್ಲಿಯೇ ಮೊದಲು ಗೊತ್ತುಮಾಡಿದ್ದರು. ಸುಧಾರಣೆಯ ಭಾರವನ್ನು ಹೊತ್ತವನಿಗೆ, ಆ ಮಾತು ಅವನ ಪಾಲಿಗೆ ಅಕ್ಷರಶಃ ನಿಜ, ಸುಧಾರಣೆಯ ಆಲೋಚನೆಯಲ್ಲಿ ಸ್ಥಾನವಿರಲಿಲ್ಲ.

ಇದಕ್ಕೆ ಹೋಲಿಸಿ ನೋಡಬೇಕಾದ ಘಟನೆಯೊಂದು ಇಂದೂರಿನಲ್ಲಿ ೧೯೧೭-೧೮ರ ಸುಮಾರಿಗೆ ನಡೆಯಿತು. ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೀಸ್ ಎಂಬ ವಿದ್ವಾಂಸನು ೧೯೧೪ರಲ್ಲಿ ಭಾರತಕ್ಕೆ ಬಂದು ಹಲವು ಊರುಗಳ ಸುಧಾರಣೆಯನ್ನು ಕುರಿತು ವರದಿಗಳನ್ನು ಬರೆದನು. ಹಳೆಯ ಬೀದಿಗಳನ್ನು ಕೆಡವಿ ನೇರವಾದ ರಸ್ತೆ ಎಳೆಯುವುದನ್ನು ಆತನು ವಿರೋಧಿಸಿದನು. ಮೊದಲು ಬೀದಿಬೀದಿಯನ್ನು ಕಾಲ್ನಡಿಗೆಯಲ್ಲಿ ನೋಡಬೇಕು, ಅಲ್ಲಿಯವರನ್ನು ಅರಿಯಬೇಕು, ಆಮೇಲೆ ಎಷ್ಟು ಕಡಿಮೆ ಕೆಡವಿ ಎಷ್ಟು ಹೆಚ್ಚು ಉಳಿಸಬಹುದೋ ಅಷ್ಟನ್ನು ಮಾಡಬೇಕು ಎಂಬುದು ಆತನ ಮತ. ಇಂದೂರಿಗೂ ಪ್ಲೇಗು ಬಂದಿತ್ತು. ಆತನು ಮಹಾರಾಜರ ಒಪ್ಪಿಗೆಯಿಂದ ದೀಪಾವಳಿಯ ಮೆರವಣಿಗೆಯನ್ನು ತನ್ನ ಕೈಗೆ ತೆಗೆದುಕೊಂಡನು. ಮೆರವಣಿಗೆ ವಾಡಿಕೆಯ ದಾರಿಯಲ್ಲಿ ಹೋಗುವುದಿಲ್ಲ, ಯಾವ ಬೀದಿಯವರು ತಮ್ಮ ಬೀದಿಯನ್ನು ಹೆಚ್ಚು ಚೊಕ್ಕಟವಾಗಿಡುವರೋ ಆ ಬೀದಿಯಲ್ಲಿ ಹೋಗುವುದು ಎಂದು ಸಾರಿಸಿದನು. ಊರೆಲ್ಲ ಗುಡಿಸಿ ಸಾರಿಸಿ ಸುಣ್ಣ ಬಳಿಯಲು ತೊಡಗಿತು. ಮೆರವಣಿಗೆಯಲ್ಲಿ ಪ್ಲೇಗಿನ ಇಲಿಯ ದೊಡ್ಡ ಪ್ರತಿಮೆಯೂ ಬಂದಿತು. ಎಲ್ಲಕ್ಕಿಂತ ಮುಖ್ಯವಾದುದೆಂದರೆ, ಊರಿನ ಜಲಗಾರರು ಮಡಿಬಟ್ಟೆಯುಟ್ಟು ಹೂವಿನ ಹಾರ ಹಾಕಿಕೊಂಡು ಮೆರವಣಿಗೆಯಲ್ಲಿ ನಡೆದರು. ಹಿತ್ತಲ ಓಣಿಯಲ್ಲಿ ನಡೆಯುವವರನ್ನು ರಾಜಬೀದಿಯಲ್ಲಿ ನಡೆಯಿಸಿದುದು ಆ ದಿನದ ಅರ್ಥ.

ಒಂದು ದಿನದ ಮೆರವಣಿಗೆಯಿಂದ ಬಾಳು ಬದಲಾಗುವುದಿಲ್ಲವೆಂಬುದು ನಿಜ. ಆದರೆ ಗೆಡ್ಡೀಸನ ಉಪಾಯದಲ್ಲಿ ಎರಡು ತತ್ತ್ವಗಳಿವೆ. ಆಜ್ಞೆಯಿಂದ ಆಗದ ಸುಧಾರಣೆ ಹಬ್ಬದಿಂದ ಆಗಬಹುದೆಂಬುದು ಒಂದು. ಸುಧಾರಣೆಯಲ್ಲಿ ಮನೆಯೊಡೆಯನಿಗೂ ಜಲಗಾರನಿಗೂ ಒಂದೇ ಬೀದಿಯಲ್ಲಿ ಪಾಲಿರಬೇಕೆಂಬುದು ಇನ್ನೊಂದು. ಕನ್ನಡದಲ್ಲಿ ಈ ಎರಡನೆಯ ತತ್ತ್ವವನ್ನು ಕಾವ್ಯದ ಎತ್ತರದಲ್ಲಿ ನಿಲ್ಲಿಸಿದ್ದು ಕುವೆಂಪು ಅವರ 'ಜಲಗಾರ' ನಾಟಕ. ಅಲ್ಲಿ ಶಿವನು ಗುಡಿಗೆ ಹೋದವರಿಗೆ ಕಾಣದೆ ಬೀದಿ ಗುಡಿಸುವವನಿಗೆ ಕಾಣುತ್ತಾನೆ, ಅದೂ ಜಲಗಾರನ ರೂಪದಲ್ಲಿಯೇ. ಸಾಹಿತ್ಯವು ಕಂಡುದನ್ನು ಶಾಸನವು ಕಾಣಲು ಬಹಳ ಕಾಲ ಹಿಡಿಯಿತು. ೧೯೭೦ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಅದೇ ದಶಕದಲ್ಲಿ ಐ. ಪಿ. ಡಿ. ಸಾಲಪ್ಪನವರ ಸಮಿತಿಯು ಪೌರಕಾರ್ಮಿಕರ ಬಾಳನ್ನು ಪರಿಶೀಲಿಸಿತು. ದೇಶಕ್ಕೆಲ್ಲ ಅನ್ವಯಿಸುವ ಕಾನೂನುಗಳು ೧೯೯೩ರಲ್ಲಿಯೂ ೨೦೧೩ರಲ್ಲಿಯೂ ಬಂದುವು. ಬಸವನಗುಡಿಯ ಓಣಿಯ ನಕ್ಷೆ ಬರೆದ ದಿನದಿಂದ ಎಣಿಸಿದರೆ ಇದು ನೂರು ವರ್ಷಗಳ ದಾರಿ.

ಬಡಾವಣೆಯ ನಕ್ಷೆಯಲ್ಲಿ ಅಡಗಿಹೋದ ಇನ್ನೊಂದು ಗುಂಪಿನವರೂ ಉಂಟು. ಬಸವನಗುಡಿಯ ನೆಲ ಹಿಂದೆ ಸುಂಕೇನಹಳ್ಳಿ. ಮಲ್ಲೇಶ್ವರದ ನೆಲ ಮಲ್ಲಾಪುರ. ಕಾಡುಮಲ್ಲೇಶ್ವರನ ಸನ್ನಿಧಿಯಲ್ಲಿರುವ ೧೬೬೯ರ ಶಾಸನವು ಏಕೋಜಿಯು ಮಲ್ಲಾಪುರದ ದೇವರಿಗೆ ಒಂದು ಹಳ್ಳಿಯನ್ನು ದಾನಮಾಡಿದುದನ್ನು ಹೇಳುತ್ತದೆ. ಬಡಾವಣೆ ಬಂದಾಗ ಹಳ್ಳಿಯ ಹೆಸರು ಹಿಂದೆ ಸರಿದು ದೇವರ ಹೆಸರು ಮುಂದೆ ಬಂದಿತು. ಆದರೆ ಬಸವನಗುಡಿಯಲ್ಲಿ ಕಾರ್ತಿಕ ಮಾಸದ ಕಡೆಯ ಸೋಮವಾರ ನೆರೆಯುವ ಕಡಲೆಕಾಯಿ ಪರಿಷೆ ಮಾತ್ರ ನಿಲ್ಲಲಿಲ್ಲ. ಸುತ್ತಣ ಹಳ್ಳಿಗಳ ರೈತರು ಅಂದು ತಮ್ಮ ಹೊಸ ಬೆಳೆಯನ್ನು ತಂದು ಬಡಾವಣೆಯ ಬೀದಿಯಲ್ಲಿಯೇ ರಾಶಿ ಹಾಕುತ್ತಾರೆ. ಅಗಲವಾದ ಬೀದಿಯನ್ನು ಅಳೆದವನು ಗಾಳಿಗೆಂದು ಅಳೆದನು. ರೈತನು ಅದನ್ನು ಕಣವನ್ನಾಗಿ ಮಾಡಿಕೊಂಡನು. ಬಡಾವಣೆಯ ಸುಧಾರಣೆಗೆ ಹಳ್ಳಿಗರು ಕೊಟ್ಟ ಆಲೋಚನೆ ಇದು. ಇದಕ್ಕೆ ಅರ್ಜಿ ಬೇಕಾಗಲಿಲ್ಲ.

೭

೧೯೪೫ರಲ್ಲಿ ಬೆಂಗಳೂರಿಗೆ ನಗರಾಭಿವೃದ್ಧಿಯ ಪ್ರತ್ಯೇಕ ಮಂಡಲಿ ಏರ್ಪಟ್ಟಿತು. ಮೈಸೂರು ನಗರಕ್ಕೆ ಅಂಥದು ೧೯೦೩ರಲ್ಲಿಯೇ ಬಂದಿತ್ತು. ೧೯೪೮ರಲ್ಲಿ ಜಯನಗರಕ್ಕೆ ಅಸ್ತಿಭಾರ ಬಿದ್ದಿತು. ೧೯೪೯ರಲ್ಲಿ ನಗರದ ಎರಡು ಪುರಸಭೆಗಳು ಸೇರಿ ಒಂದು ಕಾರ್ಪೊರೇಷನ್ ಆಯಿತು. ಐವತ್ತು ವಿಭಾಗಗಳು, ಎಪ್ಪತ್ತು ಸದಸ್ಯರು. ವಯಸ್ಕರೆಲ್ಲರಿಗೂ ಮತ ದೊರೆತ ಮೇಲೆ ನಿವಾಸಿ ಎಂಬ ಶಬ್ದದ ಅರ್ಥವೇ ಬದಲಾಯಿತು. ಹಿತ್ತಲ ಓಣಿಯಲ್ಲಿ ಬರುತ್ತಿದ್ದವನಿಗೂ ಮುಂಬಾಗಿಲವನಿಗೂ ಸಮನಾದ ಒಂದೊಂದು ಮತ. ೧೯೯೨ರ ಎಪ್ಪತ್ತನಾಲ್ಕನೆಯ ತಿದ್ದುಪಡಿಯು ಮೂರು ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ಜನಸಂಖ್ಯೆಯ ನಗರಗಳಲ್ಲಿ ವಾರ್ಡು ಸಮಿತಿಗಳಿರಬೇಕೆಂದು ವಿಧಿಸಿತು. ನಿವಾಸಿಗಳ ಆಲೋಚನೆಗೆ ರಾಜ್ಯಾಂಗದಲ್ಲಿಯೇ ಒಂದು ಮಣೆ ದೊರೆಯಿತು. ಆದರೆ ಮಣೆ ಹಾಕಿದ ಮಾತ್ರಕ್ಕೆ ಎಲ್ಲರೂ ಬಂದು ಕೂತಂತಾಗಲಿಲ್ಲ. ಓಣಿಗಳ ಗತಿಯನ್ನೇ ನೋಡಬಹುದು: ಒಳಚರಂಡಿ ಬಂದ ಮೇಲೆ ಕೆಲವು ಕಸದ ತಾಣಗಳಾದುವು, ಕೆಲವು ಒತ್ತುವರಿಯಾದುವು. ಅವುಗಳನ್ನು ಏನು ಮಾಡಬೇಕೆಂದು ಹೇಳುವ ಹಕ್ಕು ಅವುಗಳಲ್ಲಿ ನಡೆದವರ ಮಕ್ಕಳಿಗೂ ಉಂಟೆಂಬುದನ್ನು ಮರೆಯಲಾಗದು.

ಇಷ್ಟರಿಂದ ತಿಳಿದುಬರುವ ಸಂಗತಿಗಳನ್ನು ಸಂಗ್ರಹವಾಗಿ ಹೇಳಬಹುದು. ಕನ್ನಡನಾಡಿನಲ್ಲಿ ನಿವಾಸಿಗಳು ತಮ್ಮ ನೆಲೆಯ ಸುಧಾರಣೆಯನ್ನು ಆಲೋಚಿಸುವ ಪದ್ಧತಿ ಪಾಶ್ಚಾತ್ಯರಿಂದ ಬಂದುದಲ್ಲ. ಹರಿಹರದ ಶಾಸನದಲ್ಲಿ ಅದು ಹಣದ ಮತ್ತು ಪಾಲಿನ ಸ್ಪಷ್ಟವಾದ ಕಟ್ಟಳೆಯಾಗಿ ನಿಂತಿದೆ. ಹತ್ತೊಂಬತ್ತನೆಯ ಶತಮಾನದ ಕಾಯಿದೆಗಳು ಅದಕ್ಕೆ ಹೊಸ ರೂಪವನ್ನು ಕೊಟ್ಟುವು. ಪ್ಲೇಗಿನ ಭಯದಿಂದ ಎದ್ದ ಬಡಾವಣೆಗಳಲ್ಲಿ ನಕ್ಷೆ ಸರಕಾರದ್ದಾದರೂ ಬಾಳು ನಿವಾಸಿಗಳದಾಯಿತು. ಆದರೆ ನಿವಾಸಿಯೆಂದರೆ ಯಾರು ಎಂಬ ಎಲ್ಲೆ ಪ್ರತಿಯೊಂದು ಕಾಲದಲ್ಲಿಯೂ ಕಿರಿದಾಗಿದ್ದು, ಬಹು ನಿಧಾನವಾಗಿ ಅಗಲವಾಯಿತು. ಬೀದಿಯನ್ನು ಅಗಲಮಾಡುವುದಕ್ಕಿಂತ ಈ ಎಲ್ಲೆಯನ್ನು ಅಗಲಮಾಡುವುದು ಕಷ್ಟವಾದ ಕೆಲಸ.

ಶಾಸನಗಳನ್ನು ಓದುವುದರಲ್ಲಿ ಕನ್ನಡ ವಿದ್ವಾಂಸರು ತೋರಿಸಿರುವ ಶ್ರದ್ಧೆ ಈಗ ಪುರಸಭೆಗಳ ನಡವಳಿಕೆಯ ಪುಸ್ತಕಗಳ ಕಡೆಗೂ, ಸಂಘಗಳ ವಾರ್ಷಿಕ ವರದಿಗಳ ಕಡೆಗೂ, ಮನೆಮನೆಯ ಪೆಟ್ಟಿಗೆಯಲ್ಲಿ ಉಳಿದಿರಬಹುದಾದ ಅರ್ಜಿಗಳ ನಕಲುಗಳ ಕಡೆಗೂ ತಿರುಗಬೇಕಾದುದು ಅವಶ್ಯಕ. ಅವು ಚರಿತ್ರೆಗೆ ಆಧಾರಗಳು ಮಾತ್ರವಲ್ಲ. ಕನ್ನಡ ಗದ್ಯವು ದಿನದಿನದ ಬಾಳಿನ ಕಷ್ಟವನ್ನು ಅಧಿಕಾರದ ಮುಂದೆ ಹೇಳಲು ಕಲಿತ ಬಗೆಗೆ ಸಾಕ್ಷಿಗಳು. ಹಾಗೆ ಓದುವಾಗ ಆಲೋಚಿಸಿದವರು ಯಾರು, ವೆಚ್ಚ ಕೊಟ್ಟವರು ಯಾರು, ಪಾಲು ಪಡೆದವರು ಯಾರು ಎಂದು ಕೇಳುವುದರ ಜೊತೆಗೆ, ಹೊತ್ತವರು ಯಾರು ಎಂಬುದನ್ನೂ ಕೇಳಬೇಕು. ಆ ಹೆಸರುಗಳು ದೊರೆತಷ್ಟಕ್ಕೆ ಊರಿನ ಚರಿತ್ರೆಯ ಉಳಿದರ್ಧ ತುಂಬಿಬರುವುದು.